ಗಜಪತಿಯ ಕೈಯ ಪೊರಕೆ

ಆಷಾಢ ಶುದ್ಧ ಬಿದಿಗೆಯಂದು ಪುರಿಯ ದೊಡ್ಡ ಬೀದಿಯಲ್ಲಿ ಬಲಭದ್ರ, ಸುಭದ್ರೆ, ಜಗನ್ನಾಥರು ತೇರನ್ನೇರಿದ ಮೇಲೂ ತೇರುಗಳು ಕದಲುವುದಿಲ್ಲ. ಹಗ್ಗಕ್ಕೆ ಕೈ ಹಚ್ಚಲು ಜನಸಾಗರವೇ ಕಾದಿದ್ದರೂ ತೇರಿನ ಕಸ ಗುಡಿಸುವ ಕೆಲಸ ಇನ್ನೂ ಬಾಕಿ ಇರುತ್ತದೆ. ಗುಡಿಸಬೇಕಾದವರು ಅರಮನೆಯಿಂದ ಬರಬೇಕು.

ನಾನು ಹೋಗಿದ್ದ ವರ್ಷ ದೂರದಿಂದ ಕಂಡದ್ದು ಇಷ್ಟೇ: ಗಜಪತಿ ಎಂಬ ಬಿರುದಿನ ಪುರಿಯ ಮಹಾರಾಜರು ಬಿಳಿಯ ಉಡುಪಿನಲ್ಲಿ ಪಲ್ಲಕ್ಕಿಯಿಂದಿಳಿದು ತೇರನ್ನೇರಿದರು, ಚಿನ್ನದ ಹಿಡಿಯ ಪೊರಕೆ ಹಿಡಿದು ಬಾಗಿ, ದೇವರ ಸುತ್ತಲಿನ ಹಲಗೆಗಳನ್ನು ಗುಡಿಸುತ್ತ ನಡೆದರು, ಹಿಂದೆಯೇ ಗಂಧದ ನೀರು ಬಿತ್ತು. ಛೇರಾ ಪಹಂರಾ ಎಂದು ಕರೆಯುವ ಈ ಸೇವೆ ಮೂರು ತೇರುಗಳಲ್ಲೂ ನಡೆಯುತ್ತದೆ. ಅಲ್ಲಿ ಅರಸನಿಗಿರುವ ಹೆಸರು ಆದ್ಯ ಸೇವಕ, ಎಂದರೆ ಸೇವಕರಲ್ಲಿ ಮೊದಲಿಗ. ಕೃಷ್ಣದೇವರಾಯನ ಎದುರಾಳಿಗಳೆಂದೇ ಶಾಲೆಯ ಪಾಠದಲ್ಲಿ ಗಜಪತಿಗಳನ್ನು ಬಲ್ಲ ನಮಗೆ, ಅದೇ ಬಿರುದಿನವರು ಬೆನ್ನು ಬಾಗಿಸಿ ನಿಂತದ್ದನ್ನು ನೋಡುವಾಗ ಕ್ಷಣಕಾಲ ವಿಚಿತ್ರವೆನಿಸುತ್ತದೆ.

ಹಿಡಿ ಚಿನ್ನದ್ದು, ನೋಡುವ ಕಣ್ಣುಗಳು ಲಕ್ಷಾಂತರ. ಹಾಗಿದ್ದ ಮೇಲೆ ಇದೂ ಒಂದು ಮೆರೆದಾಟವೇ ಅಲ್ಲವೇ ಎಂಬ ಸಂಶಯ ನನ್ನನ್ನು ಬಿಟ್ಟಿರಲಿಲ್ಲ. ಪುರಿಯವರು ಹೇಳುವ ಕಾಂಚಿಯ ಐತಿಹ್ಯದಲ್ಲಿ ಈ ಸಂಶಯವೇ ಕಥೆಯಾಗಿದೆ. 15ನೆಯ ಶತಮಾನದ ಗಜಪತಿ ಅರಸ ಪುರುಷೋತ್ತಮ ದೇವನಿಗೆ ಕಾಂಚಿಯ ರಾಜಕುಮಾರಿ ಪದ್ಮಾವತಿಯನ್ನು ಕೊಡುವ ಮಾತಾಗಿತ್ತಂತೆ. ಅವನು ತೇರು ಗುಡಿಸುವುದು ತಿಳಿದು, ಕಸ ಗುಡಿಸುವವನಿಗೆ ಮಗಳನ್ನು ಕೊಡುವುದಿಲ್ಲವೆಂದು ಅವಳ ತಂದೆ ಹಿಂದೆ ಸರಿದನಂತೆ. ಕೆರಳಿದ ಪುರುಷೋತ್ತಮ ದಂಡೆತ್ತಿ ಹೋಗಿ, ಗೆದ್ದು, ಅವಳನ್ನು ಕರೆತಂದು, ನಿಜವಾದ ಕಸ ಗುಡಿಸುವವನಿಗೇ ಮದುವೆ ಮಾಡಿಸು ಎಂದು ಮಂತ್ರಿಗೆ ಅಪ್ಪಣೆ ಮಾಡಿದನು.

ಹೆಚ್ಚಿನವರು ಇದನ್ನು ರಾಜನ ದೈನ್ಯದ ಕಥೆಯೆಂದು ಹೇಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ವರ್ಷವರ್ಷವೂ ಪೊರಕೆ ಹಿಡಿದವನೇ ಆ ಹೆಸರಿನಿಂದ ಯಾರೋ ಕರೆದೊಡನೆ ಕತ್ತಿ ಹಿರಿದನೆಂದರೆ, ಸೇವೆ ಅವನ ಕೈಯಲ್ಲಿತ್ತೇ ಹೊರತು ಮನಸ್ಸಿಗೆ ಇಳಿದಿರಲಿಲ್ಲ. ಬೇರೊಬ್ಬನನ್ನು ಹೀನಾಯಗೊಳಿಸುವ ಶಿಕ್ಷೆಯಾಗಿ ಅವನಿಗೆ ಹೊಳೆದದ್ದೂ ತಾನು ಮಾಡುತ್ತಿದ್ದ ಕೆಲಸವೇ. ಮಂತ್ರಿ ಮಾತ್ರ ಎದುರಾಡದೆ ಮುಂದಿನ ರಥಯಾತ್ರೆಯವರೆಗೆ ಕಾದು, ಅರಸನು ತೇರಿನ ಮೇಲೆ ಗುಡಿಸುತ್ತಿರುವಾಗಲೇ ಪದ್ಮಾವತಿಯನ್ನು ಅವನೆದುರು ತಂದು ನಿಲ್ಲಿಸಿದನು. ಅಪ್ಪಣೆಯನ್ನು ಅಕ್ಷರಶಃ ಪಾಲಿಸಿ ಒಡೆಯನನ್ನು ತಿದ್ದಿದ ಆ ಮಂತ್ರಿಯೇ ನನಗೆ ಈ ಕಥೆಯ ದೊಡ್ಡ ಭಕ್ತನಾಗಿ ಕಾಣುತ್ತಾನೆ.

ಪುರುಷೋತ್ತಮನನ್ನು ನಾನು ಹಗುರವಾಗಿ ಆಡಿಕೊಳ್ಳಲಾರೆ. ಉತ್ಸವ ಸಮಿತಿಯೊಂದರಲ್ಲಿ ಐದು ವರ್ಷ ದುಡಿದ ನಾನು, ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರು ಕೊನೆಯ ಸಾಲಿಗೆ ಇಳಿದುದನ್ನು ಕಂಡು, ಆ ದಿನ ತಲೆನೋವೆಂದು ಹೇಳಿ ಮನೆಯಲ್ಲೇ ಉಳಿದವನು. ಎಲೆ ಹಾಸುವುದಕ್ಕೆ, ಎಂಜಲು ತೆಗೆಯುವುದಕ್ಕೆ ಜನ ಸಾಲದೆ ಪರದಾಡಿದರೆಂದು ಮರುದಿನ ತಿಳಿಯಿತು. ಪತ್ರಿಕೆಯಲ್ಲಿ ಯಾರ ಹೆಸರು ಎಲ್ಲಿತ್ತೆಂಬುದು ಉಂಡುಹೋದ ಒಬ್ಬರಿಗೂ ನೆನಪಿರಲಿಲ್ಲ.

ಗಜಪತಿಗಳ ಸೈನ್ಯ ಹೋಯಿತು, ರಾಜ್ಯ ಹೋಯಿತು; ಶ್ರೀ ಜಗನ್ನಾಥ ದೇವಸ್ಥಾನ ಕಾಯ್ದೆ 1955ರಲ್ಲಿ ಬಂದು ಆಡಳಿತವೂ ಸರ್ಕಾರದ ವ್ಯವಸ್ಥೆಗೆ ಒಳಪಟ್ಟಿತು. ಅರಸನ ಕೈಯ ಪೊರಕೆಯನ್ನು ಮಾತ್ರ ಯಾರೂ ಕೇಳಲಿಲ್ಲ.

ಅಂದು ಮೂರನೆಯ ತೇರನ್ನೂ ಗುಡಿಸಿ ಮುಗಿಸಿ ಮಹಾರಾಜರು ಕೆಳಗಿಳಿದರು. ಸೇವಕರು ತೇರುಗಳಿಗೆ ಮರದ ಕುದುರೆಗಳನ್ನು ಜೋಡಿಸತೊಡಗಿದರು, ಜನ ಹಗ್ಗದತ್ತ ನುಗ್ಗಿದರು. ಪಲ್ಲಕ್ಕಿ ಯಾವ ಹೊತ್ತಿನಲ್ಲಿ ಹಿಂತಿರುಗಿತೋ ನಾನು ಗಮನಿಸಲಿಲ್ಲ. ಗುಡಿಸಿದ ಹಲಗೆಯ ಮೇಲೆ ಆಗಲೇ ಹೂವು, ತುಳಸಿ ಮತ್ತೆ ಉದುರುತ್ತಿದ್ದವು.