ಇಸಾಕ್ ಎಲ್ಲಿದ್ದ?

ಸ್ವೀಡನ್ನಿನ ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್ 1957ರಲ್ಲಿ ಮಾಡಿದ 'ವೈಲ್ಡ್ ಸ್ಟ್ರಾಬೆರೀಸ್' ಸಿನಿಮಾದ ಬಗ್ಗೆ ಮಾತು ಬಂದರೆ ಎಲ್ಲರೂ ಮೊದಲು ಹೇಳೋದು ಆ ಕನಸನ್ನ. ಮುಳ್ಳಿಲ್ಲದ ಗಡಿಯಾರ, ಖಾಲಿ ಬೀದಿ, ಶವಪೆಟ್ಟಿಗೆಯಿಂದ ಹೊರಚಾಚುವ ಕೈ. ಅದು ಅದ್ಭುತವೇ, ಇಲ್ಲ ಅನ್ನಲ್ಲ. ಆದರೆ ನನ್ನನ್ನು ಕಾಡುವುದು ಬೇರೆ. ಕಥಾನಾಯಕ, ಮುದುಕ ಇಸಾಕ್‌ನ ಹಳೆಯ ನೆನಪುಗಳು ಸಿನಿಮಾ ತುಂಬಾ ಇವೆ, ಆದರೆ ಯುವಕ ಇಸಾಕ್ ಒಂದು ಸಲವೂ ತೆರೆ ಮೇಲೆ ಬರುವುದಿಲ್ಲ.

ಇಸಾಕ್ ಬೋರ್ಗ್ 78 ವರ್ಷದ ಹೆಸರಾಂತ ಡಾಕ್ಟರ್. ಡಾಕ್ಟರೇಟ್ ಪಡೆದು 50 ವರ್ಷ ಆಯಿತು ಅಂತ ಲುಂಡ್ ಊರಿನಲ್ಲಿ ಸನ್ಮಾನ. ಸ್ಟಾಕ್‌ಹೋಮ್‌ನಿಂದ ಸೊಸೆ ಮರಿಯಾನ್ ಜೊತೆ ಕಾರಿನಲ್ಲಿ ಹೊರಡುತ್ತಾನೆ. ದಾರಿಯಲ್ಲಿ ಚಿಕ್ಕಂದಿನಲ್ಲಿ ಬೇಸಿಗೆ ಕಳೆಯುತ್ತಿದ್ದ ಮನೆ ಸಿಗುತ್ತದೆ, ಅಲ್ಲೇ ಸ್ಟ್ರಾಬೆರಿ ಗಿಡಗಳ ಹತ್ತಿರ ಕೂತವನಿಗೆ ಸಾರಾ ಕಾಣುತ್ತಾಳೆ. ಅವನನ್ನು ಮದುವೆಯಾಗಬೇಕಿದ್ದ ಹುಡುಗಿ. ಅವನ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಸಿಗ್‌ಫ್ರಿಡ್ ಬಂದು ಅವಳಿಗೆ ಮುತ್ತಿಡುತ್ತಾನೆ, ಬುಟ್ಟಿಯ ಹಣ್ಣೆಲ್ಲ ನೆಲಕ್ಕೆ ಚೆಲ್ಲುತ್ತದೆ.

ಆ ಹೊತ್ತಿಗೆ ಇಸಾಕ್ ಎಲ್ಲಿದ್ದ? ಅಪ್ಪನ ಜೊತೆ ಮೀನು ಹಿಡಿಯಲು ಹೋಗಿದ್ದ. ಅಂದರೆ ಅವನು ನೆನಪಿಸಿಕೊಳ್ಳುತ್ತಿರುವುದು ತಾನು ನೋಡೇ ಇಲ್ಲದ್ದನ್ನು! ಆಮೇಲೆ ಮನೆಯೊಳಗೆ ಸಾರಾ ಅಳುತ್ತಾ ಹೇಳುತ್ತಾಳೆ: ಇಸಾಕ್ ತುಂಬಾ ಒಳ್ಳೆಯವನು, ಕವಿತೆ ಓದುತ್ತಾನೆ, ಪಾಪ ಪುಣ್ಯ ಮಾತಾಡುತ್ತಾನೆ, ಕತ್ತಲಲ್ಲಿ ಮಾತ್ರ ಮುತ್ತು ಕೊಡುತ್ತಾನೆ, ಅವನ ಮುಂದೆ ನಾನು ಏನೂ ಅಲ್ಲ ಅನ್ನಿಸುತ್ತೆ ಅಂತ. ಮುದುಕ ಇಸಾಕ್ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಾನೆ. ಅವನಿರುವುದು ಅಲ್ಲಿ ಯಾರಿಗೂ ಕಾಣಲ್ಲ. ಬೇರೆ ನಿರ್ದೇಶಕರಾಗಿದ್ದರೆ ಚಂದದ ಹುಡುಗನೊಬ್ಬನನ್ನು ಹಾಕಿ ಫ್ಲ್ಯಾಶ್‌ಬ್ಯಾಕ್ ತೆಗೆದುಬಿಡುತ್ತಿದ್ದರು, ಅಲ್ವಾ?

ಅವನು ನಿಜವಾಗಿ ಇದ್ದ ಒಂದು ಜಾಗವೂ ಇದೆ. ಅದು ಇನ್ನೂ ಕಷ್ಟ. ಕನಸಿನಲ್ಲಿ ಒಬ್ಬ ಪರೀಕ್ಷಕ ಅವನನ್ನು ಕಾಡಿಗೆ ಕರೆದೊಯ್ದು, ಸತ್ತು ಎಷ್ಟೋ ಕಾಲವಾದ ಹೆಂಡತಿ ಕಾರಿನ್ ಪರಪುರುಷನ ಜೊತೆ ಇರುವುದನ್ನು ತೋರಿಸುತ್ತಾನೆ. 1917ರ ಮೇ 1, ಮಂಗಳವಾರ, ನೀವು ಇಲ್ಲೇ ನಿಂತು ನೋಡಿದ್ದಿರಿ ಅನ್ನುತ್ತಾನೆ. ದಿನಾಂಕದ ಸಮೇತ! ಕಾರಿನ್ ಆ ಗಂಡಸಿಗೆ ಹೇಳುತ್ತಾಳೆ: ಇದನ್ನೆಲ್ಲ ಇಸಾಕ್‌ಗೆ ಹೇಳಿದರೆ ಅಯ್ಯೋ ಪಾಪ ಅನ್ನುತ್ತಾನೆ, ಕ್ಷಮಿಸುತ್ತಾನೆ, ಆದರೆ ಒಳಗೆ ಅವನಿಗೆ ಏನೂ ಅನ್ನಿಸಲ್ಲ. ಅವತ್ತು ಅವನು ಮರೆಯಿಂದ ಹೊರಗೆ ಬಂದಿರಲಿಲ್ಲ. ಆ ದೃಶ್ಯ ನೋಡುವಾಗ ನನಗೆ ಕಾರಿನ್ ಮೇಲೆ ಒಂದಿಷ್ಟೂ ಸಿಟ್ಟು ಬರುವುದಿಲ್ಲ.

ಇಸಾಕ್ ಆಗಿ ನಟಿಸಿದ ವಿಕ್ಟರ್ ಸ್ಯೋಸ್ಟ್ರೋಮ್ ಸ್ವತಃ ಮೂಕಿ ಕಾಲದ ದೊಡ್ಡ ನಿರ್ದೇಶಕ. ಆಗ ಅವರಿಗೂ ಹತ್ತಿರ ಹತ್ತಿರ 78. ಬರ್ಗ್‌ಮನ್‌ಗೆ ಇನ್ನೂ 40 ತುಂಬಿರಲಿಲ್ಲ. ಚಿತ್ರಕ್ಕೆ 1958ರಲ್ಲಿ ಬರ್ಲಿನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಗೋಲ್ಡನ್ ಬೇರ್ ಬಂತು. 1960ರ ಜನವರಿಯಲ್ಲಿ ಸ್ಯೋಸ್ಟ್ರೋಮ್ ತೀರಿಕೊಂಡರು. ಆ ಮುಖ ನೋಡುವುದಕ್ಕೇ ಈ ಸಿನಿಮಾ ನೋಡಬೇಕು. ಕಣ್ಣು, ತುಟಿಯ ಅಂಚು, ಅಷ್ಟರಲ್ಲೇ ಎಲ್ಲ ಹೇಳುತ್ತಾರೆ. ಸ್ಲೋ ಅಂತ ಹೆದರಬೇಡಿ, ಇರುವುದು ಬರೀ ಒಂದೂವರೆ ಗಂಟೆ.

ಕೊನೆಗೆ ಮುದುಕನಿಗೆ ಶಾಂತಿ ಸಿಗುತ್ತೆ ಅಂತ ಜಾಸ್ತಿ ಜನ ಹೇಳುತ್ತಾರೆ. ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಮಗ ಎವಾಲ್ಡ್ ಅಪ್ಪನಿಂದ ಸಾಲ ತೆಗೆದುಕೊಂಡಿದ್ದಾನೆ, ವರ್ಷ ವರ್ಷ ತೀರಿಸುತ್ತಿದ್ದಾನೆ. ಕೊಟ್ಟ ಮಾತು ಮಾತೇ ಅನ್ನುವ ಅಪ್ಪನ ಗುಣ ಅವನಿಗೆ ಅರ್ಥವಾಗುತ್ತೆ, ಆದರೆ ಅವನಿಗೆ ನಿಮ್ಮನ್ನು ಕಂಡರೆ ದ್ವೇಷ ಅಂತ ಮರಿಯಾನ್ ಬೆಳಿಗ್ಗೆಯೇ ಹೇಳಿರುತ್ತಾಳೆ. ರಾತ್ರಿ ಮಂಚದ ಮೇಲೆ ಮಲಗಿ ಇಸಾಕ್ ಆ ಸಾಲದ ಮಾತು ಎತ್ತುತ್ತಾನೆ. ಅವನ ಮನಸ್ಸಿನಲ್ಲಿರೋದೇ ಬೇರೆ. ಮಗ ತಟ್ಟನೆ, ನಿಮ್ಮ ದುಡ್ಡು ನಿಮಗೆ ಬರುತ್ತೆ ಅನ್ನುತ್ತಾನೆ. ನಾನು ಹೇಳಿದ್ದು ಅದಲ್ಲ ಅಂದರೂ, ಖಂಡಿತ ಬರುತ್ತೆ ಅನ್ನುತ್ತಾನೆ. ಮಾತು ಅಲ್ಲಿಗೇ ನಿಲ್ಲುತ್ತದೆ.