ಬೆಲೀಚೆ ಕಣಿವೆಯ ನಕ್ಷತ್ರದ ಕೆಳಗೆ

ಇಟಲಿಯ ಸಿಸಿಲಿ ದ್ವೀಪದ ಪಲೆರ್ಮೊ ಬಿಟ್ಟು ಒಂದು ಗಂಟೆಯ ಮೇಲಾಗಿತ್ತು. ದ್ರಾಕ್ಷಿ ತೋಟ, ಆಲಿವ್ ಮರ, ಮತ್ತೆ ದ್ರಾಕ್ಷಿ. ಹೆದ್ದಾರಿಯಿಂದ ಬೆಲೀಚೆ ಕಣಿವೆಯ ಜಿಬೆಲ್ಲೀನಾ ಊರಿನ ಕಡೆ ಹೊರಳಿದ್ದೇ ತಡ, ರಸ್ತೆಯ ಮೇಲೆ ಕಾಲು ಅಗಲಿಸಿ ನಿಂತ ಉಕ್ಕಿನ ನಕ್ಷತ್ರ! ನಮ್ಮವರು ಕಾರನ್ನು ಪಕ್ಕಕ್ಕೆ ಹಾಕಿದರು.

ಇಟಲಿಯ ಶಿಲ್ಪಿ ಪಿಯೆತ್ರೊ ಕನ್ಸಾಗ್ರಾ 1981ರಲ್ಲಿ ನಿಲ್ಲಿಸಿದ ಕೃತಿ ಇದು. ಎದುರಿಗೆ ನಿಂತರೆ ಆಕಾಶವನ್ನೇ ತುಂಬುತ್ತದೆ. ಬದಿಗೆ ಸರಿದಂತೆ ಸಣ್ಣಗಾಗುತ್ತಾ ತೆಳ್ಳಗಿನ ಒಂದು ಪಟ್ಟಿಯಾಗುತ್ತದೆ. ಅವರ ಜೀವಮಾನದ ಹಟವೇ ಇದು. ಪೀಠದ ಮೇಲೆ ಕೂರಿಸಿದ, ಜನ ಸುತ್ತು ಹಾಕಿ ನೋಡಬೇಕಾದ ವಿಗ್ರಹ ಅವರಿಗೆ ಬೇಡವಾಗಿತ್ತು; ಆ ನಟ್ಟನಡುವಿನ ಜಾಗದಲ್ಲಿ ಅವರಿಗೆ ಅಧಿಕಾರದ ವಾಸನೆ ಬಡಿಯುತ್ತಿತ್ತು. ಕಬ್ಬಿಣ, ಮರ, ಕಂಚನ್ನು ತೆಳುವಾಗಿಸಿ ನೋಡುವವರ ಮುಖಾಮುಖಿ ನಿಲ್ಲಿಸಿದರು. ಆ ಕೃತಿಗಳನ್ನು 'ಮಾತುಕತೆ' ಎಂದು ಕರೆದರು. ಎಷ್ಟು ಸರಿಯಾದ ಹೆಸರು! 1947ರಲ್ಲಿ ರೋಮಿನಲ್ಲಿ ಗೆಳೆಯರೊಡನೆ 'ಫೋರ್ಮಾ 1' ಗುಂಪು ಕಟ್ಟಿ, ನಾವು ಮಾರ್ಕ್ಸ್‌ವಾದಿಗಳೂ ಹೌದು, ಅಮೂರ್ತ ಕಲೆಯವರೂ ಹೌದು ಎಂದು ಸಾರಿದವರು. 1960ರಲ್ಲಿ ವೆನಿಸ್ ಬಿಯೆನಾಲೆ ಎಂಬ ದೊಡ್ಡ ಅಂತರರಾಷ್ಟ್ರೀಯ ಕಲಾಪ್ರದರ್ಶನದ ಶಿಲ್ಪ ಪ್ರಶಸ್ತಿ ಬಂತು.

ಆದರೆ ನನಗೆ ಅವರು ಅರ್ಥವಾದದ್ದು ಇಲ್ಲಿ. 1968ರ ಜನವರಿಯ ಭೂಕಂಪದಲ್ಲಿ ಹಳೆಯ ಜಿಬೆಲ್ಲೀನಾ ನೆಲಸಮವಾಯಿತು. ಬದುಕುಳಿದವರು ವರ್ಷಗಟ್ಟಲೆ ತಗಡಿನ ಶೆಡ್ಡುಗಳಲ್ಲಿ ಕಳೆದರು. ದೂರದ ಬಯಲಲ್ಲಿ ಹೊಸ ಊರು ಏಳುವಾಗ ಮೇಯರ್ ಲುದೊವಿಕೊ ಕೊರ್ರಾವೊ ಕಲಾವಿದರನ್ನು ಕರೆದರು. ಕನ್ಸಾಗ್ರಾ ಹೊರಗಿನವರೇನಲ್ಲ, ಪಕ್ಕದ ಮಜಾರಾ ದೆಲ್ ವಲ್ಲೊದಲ್ಲಿ 1920ರಲ್ಲಿ ಹುಟ್ಟಿದವರು.

ಊರೊಳಗೆ ಹೋದರೆ ಮನಸ್ಸು ಭಾರವಾಗುತ್ತದೆ. ಬೀದಿಗಳು ಅತಿ ಅಗಲ, ಜನ ಅತಿ ಕಡಿಮೆ. ಕನ್ಸಾಗ್ರಾ ರೂಪಿಸಿದ ರಂಗಮಂದಿರ ದಶಕಗಳ ಕಾಲ ಅರ್ಧಕ್ಕೇ ನಿಂತಿತ್ತು. ಮನೆ ಕಳೆದುಕೊಂಡವರಿಗೆ ಕಲೆಯನ್ನು ಕೊಟ್ಟದ್ದು ತಪ್ಪೆಂದು ನಾನು ಹೇಳಲಾರೆ. ನೆರಳಿರುವ ಇಕ್ಕಟ್ಟಾದ ಓಣಿಗಳನ್ನೂ ಕೊಡಬೇಕಿತ್ತು.

ಕಾಫಿ ಅಂಗಡಿಯ ಮುಂದೆ ಕೂತಿದ್ದ ಅಜ್ಜನೊಬ್ಬರು ನಮ್ಮವರ ಹರಕುಮುರುಕು ಇಟಾಲಿಯನ್ ಕೇಳಿ, ಕೈಯೆತ್ತಿ ಸ್ಮಶಾನದ ದಾರಿ ತೋರಿಸಿದರು. "ಕನ್ಸಾಗ್ರಾ ಅಲ್ಲೇ ಇದ್ದಾರೆ, ನಮ್ಮವರ ಜೊತೆ."

2005ರಲ್ಲಿ ಮಿಲಾನಿನಲ್ಲಿ ತೀರಿಕೊಂಡರೂ ಅವರನ್ನು ಮಣ್ಣು ಮಾಡಿದ್ದು ಇಲ್ಲೇ. ಈ ಸ್ಮಶಾನದ ಬಾಗಿಲನ್ನೂ ಬಹಳ ಹಿಂದೆ ಅವರೇ ರೂಪಿಸಿಕೊಟ್ಟಿದ್ದರು. ಅದರ ಎದುರು ಸ್ವಲ್ಪ ಹೊತ್ತು ನಿಂತೆ. ಬಿಸಿಲಿಗೆ ಕಾದ ಲೋಹ ಅಂಗೈಗೆ ಚುರುಕ್ಕೆಂದಿತು. ಒಳಗೆ ಯಾರೋ ಹೂವಿಗೆ ನೀರು ಹಾಕುವ ಸದ್ದು ಕೇಳುತ್ತಿತ್ತು.