ತಗ್ಗಿಸಿದ ಪಿಕಪ್‌ಗೆ ಏರ್ ಬ್ಯಾಗ್: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಶಿವಮೊಗ್ಗದ ನಮ್ಮ ಗ್ಯಾರೇಜಿಗೆ ವಾರಕ್ಕೆ ಒಬ್ಬರಾದರೂ ಬಂದು ಕೇಳುತ್ತಾರೆ. "ಅಣ್ಣಾ, ಪಿಕಪ್ ಹಿಂದೆ ತಗ್ಗಿಸಿದ್ದೀನಿ, ಲೋಡ್ ಹಾಕಿದ್ರೆ ಕೂತ್ಬಿಡುತ್ತೆ. ಪ್ಲೇಟೆಲ್ಲ ತೆಗೆದು ಏರ್ ಬ್ಯಾಗ್ ಹಾಕ್ಬಿಡೋಣ್ವಾ?"

ಇದು ಡಿಕ್ಕಿಯಾದಾಗ ಉಬ್ಬುವ ಏರ್ ಬ್ಯಾಗ್ ಅಲ್ಲ. ಚಕ್ರದ ಅಚ್ಚಿಗೂ (ಆಕ್ಸಲ್) ಗಾಡಿಯ ಚೌಕಟ್ಟಿಗೂ (ಚಾಸಿ) ನಡುವೆ ಕೂರಿಸುವ ಗಾಳಿ ಚೀಲ. ಬ್ಯಾಗ್ ಹಾಕೋಣ. ಪ್ಲೇಟೆಲ್ಲ ತೆಗೆಯುವುದು ಬೇಡ.

ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳೇ ಪ್ಲೇಟು. ಪ್ಲೇಟು ಅಂದರೆ ಭಾರ ಹೊರುವ ಸ್ಪ್ರಿಂಗ್ ಅಂತಷ್ಟೇ ಎಲ್ಲರೂ ತಿಳಿದಿದ್ದಾರೆ. ಅದು ಆಕ್ಸಲನ್ನು ಜಾಗದಲ್ಲಿ ಹಿಡಿದಿಡುವ ಕೆಲಸವನ್ನೂ ಮಾಡುತ್ತದೆ. ಹಿಂದಿನ ಚಕ್ರ ತಳ್ಳಿದ ಬಲ ಚಾಸಿಗೆ ಹೋಗುವುದು ಪ್ಲೇಟಿನ ಮುಂದಿನ ಬುಷ್ ಮೂಲಕ. ಬ್ರೇಕ್ ಒತ್ತಿದಾಗ ಹೌಸಿಂಗ್ (ಆಕ್ಸಲಿನ ಹೊರ ಕವಚ) ತಿರುಚಿಕೊಳ್ಳದಂತೆ ತಡೆಯುವುದೂ ಅದೇ. ಏರ್ ಬ್ಯಾಗ್ ಇದ್ಯಾವುದನ್ನೂ ಮಾಡುವುದಿಲ್ಲ. ಅದು ನೂಲಿನ ಪದರ ಸೇರಿಸಿ ಮಾಡಿದ ರಬ್ಬರ್ ಚೀಲ. ಮೇಲಿನ ಭಾರ ಹೊರುತ್ತದೆ, ಅಷ್ಟೇ. ಐರಾವತ ಬಸ್ಸಿಗೂ ಏರ್ ಸಸ್ಪೆನ್ಷನ್ನೇ ಅಲ್ವಾ ಅಂತ ಕೇಳುತ್ತಾರೆ. ಹೌದು, ಆದರೆ ಆ ಬಸ್ಸಿನ ಅಡಿಗೆ ಬಗ್ಗಿ ನೋಡಿ. ಆಕ್ಸಲನ್ನು ಹಿಡಿದಿರುವ ದಪ್ಪ ರಾಡುಗಳು ಕಾಣುತ್ತವೆ. ಪ್ಲೇಟು ಪೂರ್ತಿ ತೆಗೆದರೆ ಅಂಥ ರಾಡುಗಳನ್ನು ನಿಮ್ಮ ಗಾಡಿಗೂ ಕೂರಿಸಬೇಕು. ಅಳತೆ ತಪ್ಪಿದರೆ ಹಿಂದಿನ ಚಕ್ರವೇ ಗಾಡಿಯನ್ನು ಬೇರೆ ದಿಕ್ಕಿಗೆ ತಿರುಗಿಸುತ್ತದೆ.

ಕಾನೂನಿನ ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೂ ಗಾಡಿಗೂ ತಾಳೆ ತಪ್ಪುವಂತೆ ಮಾರ್ಪಾಡು ಮಾಡುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಹಾಗಾಗಿ ರಸ್ತೆಗಿಳಿಯುವ ಗಾಡಿಯಾದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಬ್ಯಾಗ್ ಹಾಕಿದ ಮಾತ್ರಕ್ಕೆ ಆರ್‌ಸಿಯಲ್ಲಿ ಬರೆದ ತೂಕ ಒಂದು ಕೆಜಿಯೂ ಜಾಸ್ತಿಯಾಗುವುದಿಲ್ಲ.

ನಾನು ಮನಸ್ಸಿಟ್ಟು ಮಾಡಿದ್ದು ತೀರ್ಥಹಳ್ಳಿ ಕಡೆಯ ಒಬ್ಬ ಗೌಡರ ಹಳೇ ಪಿಕಪ್. ಅದು ಅವರ ತೋಟ ಬಿಟ್ಟು ಹೊರಗೆ ಹೋಗುವುದಿಲ್ಲ. ಅವರಿಗೆ ಬೇಕಾಗಿದ್ದು ಸ್ಟೈಲ್ ಅಲ್ಲ. "ನಮ್ಮ ಆಳುಗಳಿಗೆ ವಯಸ್ಸಾಯ್ತಪ್ಪ. 65 ಕೆಜಿ ಅಡಿಕೆ ಮೂಟೆ ಅಷ್ಟು ಮೇಲಕ್ಕೆ ಎತ್ತಕ್ಕಾಗಲ್ಲ. ತುಂಬುವಾಗ ಗಾಡಿ ತಗ್ಗಬೇಕು, ಓಡುವಾಗ ಏಳಬೇಕು" ಅಂದರು. ಏರ್ ಬ್ಯಾಗಿಗೆ ಇದಕ್ಕಿಂತ ಒಳ್ಳೆಯ ಕಾರಣವನ್ನು ನಾನು ಇನ್ನೂ ಕೇಳಿಲ್ಲ.

ಐದು ಪ್ಲೇಟಿನಲ್ಲಿ ಕೆಳಗಿನ ಎರಡನ್ನು ತೆಗೆದೆವು. ಹಿಂಭಾಗ ಮೂರು ಇಂಚು ಇಳಿಯಿತು. ಆಕ್ಸಲ್ ಮೇಲೆ ಬಂದು ಚಾಸಿಗೆ ಹೊಡೆಯದಂತೆ ತಡೆಯುವ ರಬ್ಬರ್ ತುಂಡಿಗೂ (ಬಂಪ್ ಸ್ಟಾಪರ್) ಹೌಸಿಂಗ್‌ಗೂ ನಡುವೆ ಉಳಿದದ್ದು ಒಂದೂವರೆ ಇಂಚು. ತಗ್ಗಿಸಿದ ಗಾಡಿ ಹಳ್ಳದಲ್ಲಿ ದಡ್ ಅಂತ ಹೊಡೆಯುವುದು ಇದಕ್ಕೇ. ಹೊಡೆತ ತಿನ್ನಲು ಜಾಗವೇ ಇರುವುದಿಲ್ಲ.

ಬ್ಯಾಗ್ ಹಿಡಿಯುವ ಬ್ರಾಕೆಟ್ ಕೂರಿಸುವಾಗ ಹೌಸಿಂಗಿಗೆ ವೆಲ್ಡ್ ಮಾಡಲಿಲ್ಲ. ಬಿಸಿಗೆ ಅದು ಬಾಗುತ್ತದೆ. ಯು-ಬೋಲ್ಟ್ ಹಾಕಿ ಕಚ್ಚಿಸಿದೆವು. ಚಾಸಿಗೆ ತೂತು ಹೊಡೆದದ್ದು ಪಕ್ಕದ ಗೋಡೆಗೆ ಮಾತ್ರ. ಮೇಲಿನ, ಕೆಳಗಿನ ಮಡಿಕೆಗೆ ತೂತು ಹೊಡೆದರೆ ಚಾಸಿ ಅಲ್ಲೇ ಬಿರುಕು ಬಿಡುತ್ತದೆ. ಬ್ಯಾಗಿಗೆ ಗಾಳಿ ತುಂಬಿದಾಗ ಅದು ಪಕ್ಕಕ್ಕೂ ಉಬ್ಬುತ್ತದೆ. ಸುತ್ತಲೂ ಒಂದಿಂಚು ಖಾಲಿ ಬಿಟ್ಟು, ಸೈಲೆನ್ಸರ್ ಪೈಪಿನಿಂದ ದೂರ ಇಟ್ಟೆವು. ಆಮೇಲೆ ಜಾಕಿ ಕೊಟ್ಟು ಆಕ್ಸಲನ್ನು ಪೂರ್ತಿ ಮೇಲೆ, ಪೂರ್ತಿ ಕೆಳಗೆ ಮಾಡಿ ಬ್ರೇಕ್ ಹೋಸ್ ಎಳೆಯುತ್ತದೆಯಾ ನೋಡಿದೆವು.

ಗಾಳಿಯ ಲೆಕ್ಕ ಸುಲಭ. ಪಂಕ್ಚರ್ ಅಂಗಡಿಯಲ್ಲಿ "ಎಷ್ಟು ಪೌಂಡ್?" ಅಂತ ಕೇಳುತ್ತಾರಲ್ಲ, ಅದೇ ಪೌಂಡ್. 30 ಪೌಂಡ್ ಅಂದರೆ ಒಂದೊಂದು ಚದರ ಇಂಚಿಗೂ 30 ಪೌಂಡ್ ಬಲ. ಆರು ಇಂಚು ಅಗಲದ ಬ್ಯಾಗಿಗೆ ಸುಮಾರು 28 ಚದರ ಇಂಚು ಬರುತ್ತದೆ. ಗುಣಿಸಿದರೆ 840 ಪೌಂಡ್, ಅಂದರೆ 380 ಕೆಜಿ. ಎರಡು ಬ್ಯಾಗಿಗೆ 760. ಬ್ಯಾಗ್ ಕುಗ್ಗಿ ಹಿಗ್ಗಿದಂತೆ ಈ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ. ಅದಕ್ಕೇ ನಾನು ಮೊದಲು ಓಡುವ ಎತ್ತರ ಗುರುತು ಹಾಕಿ, ಆ ಎತ್ತರಕ್ಕೆ ಬರುವವರೆಗೆ ಗಾಳಿ ಕೊಡುತ್ತೇನೆ. ಖಾಲಿ ಗಾಡಿಗೂ 5ರಿಂದ 10 ಪೌಂಡ್ ಇರಲೇಬೇಕು. ಪೂರ್ತಿ ಬಿಟ್ಟು ಓಡಿಸಿದರೆ ರಬ್ಬರ್ ಮಡಿಕೆಯಲ್ಲಿ ಸಿಕ್ಕಿಕೊಂಡು ಸೀಳುತ್ತದೆ.

ಇಲ್ಲಿ ನನ್ನಿಂದ ಒಂದು ತಪ್ಪಾಯಿತು. ಎರಡೂ ಬ್ಯಾಗಿಗೆ ಟಿ ಜಾಯಿಂಟ್ ಹಾಕಿ ಒಂದೇ ಪೈಪಿನಲ್ಲಿ ಗಾಳಿ ಕೊಟ್ಟಿದ್ದೆ. ತೋಟದಿಂದ ಅಂಗಳಕ್ಕೆ ಏರುವ ತಿರುವಿನಲ್ಲಿ ಮೂಟೆ ತುಂಬಿದ ಗಾಡಿ ಹೊರಮಗ್ಗುಲಿಗೆ ವಾಲಿತು. ವಾಲಿದ್ದು ನಿಲ್ಲಲಿಲ್ಲ, ಇನ್ನೂ ವಾಲುತ್ತಲೇ ಹೋಯಿತು. ಭಾರ ಬಿದ್ದ ಕಡೆಯ ಗಾಳಿ ಇನ್ನೊಂದು ಬ್ಯಾಗಿಗೆ ಹೋಗಿ ಆ ಮಗ್ಗುಲನ್ನು ಎತ್ತುತ್ತಿತ್ತು. ನಾನು ಪಕ್ಕದ ಸೀಟಿನಲ್ಲಿದ್ದೆ. ಕಿಟಕಿಯಿಂದ ನೆಲ ಹತ್ತಿರ ಬರುತ್ತಿರುವುದು ಕಾಣುತ್ತಿತ್ತು. ಡ್ರೈವರ್ ಮೆಲ್ಲಗೆ ನಿಲ್ಲಿಸಿದ್ದರಿಂದ ಉಳಿದೆವು. ಆಗುಂಬೆ ಘಾಟಿಯಲ್ಲಿ ಇಂಥ ತಿರುವು 14 ಇವೆ. ಅವತ್ತಿನಿಂದ ಎಡಕ್ಕೊಂದು, ಬಲಕ್ಕೊಂದು ಬೇರೆ ಪೈಪು, ಬೇರೆ ವಾಲ್ವ್, ಬೇರೆ ಗೇಜ್. ಟಿ ಜಾಯಿಂಟ್ ಹಾಕಿ ಅಂದರೆ ನಾನು ಕೆಲಸವನ್ನೇ ಒಪ್ಪುವುದಿಲ್ಲ.

ಯಾರೂ ಕೇಳದ, ಆದರೆ ಕೇಳಲೇಬೇಕಾದ ವಿಷಯ ಬ್ರೇಕ್. ಬಹಳಷ್ಟು ಪಿಕಪ್‌ಗಳಲ್ಲಿ ಚಾಸಿಯ ಮೇಲೆ ಒಂದು ವಾಲ್ವ್ ಇದ್ದು, ಅದರಿಂದ ಒಂದು ಕಡ್ಡಿ ಅಥವಾ ಸ್ಪ್ರಿಂಗ್ ಹೌಸಿಂಗಿಗೆ ಹೋಗಿರುತ್ತದೆ. ಹಿಂದೆ ಗಾಡಿ ಎಷ್ಟು ಕೂತಿದೆ ಅನ್ನುವುದರ ಮೇಲೆ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಬಿಡಬೇಕು ಅಂತ ಅದು ಲೆಕ್ಕ ಹಾಕುತ್ತದೆ. ಗಾಡಿ ತಗ್ಗಿಸಿದರೆ ಖಾಲಿ ಇದ್ದರೂ ಲೋಡ್ ಇದೆ ಅಂದುಕೊಂಡು ಜಾಸ್ತಿ ಬಿಡುತ್ತದೆ. ಮಳೆಯಲ್ಲಿ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತದೆ. ಲೋಡ್ ಹಾಕಿ ಬ್ಯಾಗಿನಿಂದ ಎತ್ತಿದರೆ ಖಾಲಿ ಇದೆ ಅಂದುಕೊಂಡು ಕಡಿಮೆ ಬಿಡುತ್ತದೆ. ಇಳಿಜಾರಿನಲ್ಲಿ ಮುಂದಿನ ಬ್ರೇಕೇ ಎಲ್ಲಾ ಹೊರಬೇಕಾಗುತ್ತದೆ. ಗೌಡರ ಗಾಡಿಯ ಕಡ್ಡಿಯನ್ನು ಹೊಸ ಎತ್ತರಕ್ಕೆ ಹೊಂದಿಸಿ, ಖಾಲಿ ಮತ್ತು ಲೋಡ್ ಎರಡರಲ್ಲೂ ಅಂಗಳದಲ್ಲಿ ಬ್ರೇಕ್ ಹಾಕಿ ನೋಡಲು ಅರ್ಧ ದಿನ ಹಿಡಿಯಿತು. ಕೆಲಸದಲ್ಲಿ ನಾನು ಯಾವತ್ತೂ ಬಿಡದ ಅರ್ಧ ದಿನ ಅದು.

ನಮ್ಮ ಮಳೆಗೆ ಇನ್ನೊಂದು ಮಾತು. ಬ್ಯಾಗಿಗೆ ಗಾಳಿ ಕೊಡುವ ಕಂಪ್ರೆಸರ್ ಎಳೆಯುವ ಗಾಳಿಯಲ್ಲೇ ತೇವ ತುಂಬಿರುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಟ್ಯಾಂಕಿನ ಕೆಳಗಿನ ನಲ್ಲಿ ತಿರುಗಿಸಿ ನೀರು ಬಿಡಿ. ಜಾಯಿಂಟಿಗೆಲ್ಲ ಸೋಪಿನ ನೀರು ಸವರಿ ಗುಳ್ಳೆ ಬರುತ್ತದೆಯಾ ನೋಡಿ. ಪೈಪಿನ ತುದಿಯನ್ನು ಓರೆಯಾಗಿ ಕತ್ತರಿಸಿದ್ದರೆ ಗುಳ್ಳೆ ಬಂದೇ ಬರುತ್ತದೆ.

ಇಷ್ಟು ಓದಿಯೂ ಹಾಕಿಸಬೇಕು ಅಂತಿದ್ದರೆ ಬನ್ನಿ. ಆರ್‌ಸಿ ತನ್ನಿ. ದಿನಾ ಎಷ್ಟು ತೂಕ ಹೇರುತ್ತೀರಿ ಅಂತ ಸರಿಯಾಗಿ ಹೇಳಿ, ಕಡಿಮೆ ಮಾಡಿ ಹೇಳಬೇಡಿ. ತೆಗೆದಿಟ್ಟ ಪ್ಲೇಟುಗಳನ್ನು ಗುಜರಿಗೆ ಹಾಕಿಲ್ಲವಾದರೆ ಅವನ್ನೂ ಗಾಡಿಯಲ್ಲಿ ಹಾಕಿಕೊಂಡು ಬನ್ನಿ.